ಎದೆಯ ಕಾಯಿಲೆಯವರ ಹಲ್ಲು

[ರೈತ-ಕಾರ್ಮಿಕರ ಅಧ್ಯಯನ ಕೂಟದಲ್ಲಿ ದಂತವೈದ್ಯ ಗೆಳೆಯರೊಬ್ಬರು ಮಾಡಿದ ಭಾಷಣದ ಪಾಠ. ಓದುಗರ ಉಪಯೋಗಕ್ಕೆಂದು ಇಲ್ಲಿ ಕೊಟ್ಟಿದೆ. — ಸಂ.]



ಹಲ್ಲುನೋವಿನ ಬಗ್ಗೆ ಮಾತನಾಡಲು ಒಂದು ಸಭೆ ಬೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಹಲ್ಲು ನೋಯುತ್ತದೆ, ಕೀಳಿಸುತ್ತೇವೆ, ಮುಗಿಯಿತು. ಆದರೆ ಹಲ್ಲು ನೋಯುವ ಮನುಷ್ಯನಿಗೆ ಎದೆಯ ಕಾಯಿಲೆಯೂ ಇದ್ದರೆ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಇಂದು ಅಂಥವರ ವಿಚಾರವನ್ನೇ ತಮ್ಮ ಮುಂದಿಡುತ್ತೇನೆ.

ಯಾವ ಸರ್ಕಾರಿ ಆಸ್ಪತ್ರೆಗೆ ಬೇಕಾದರೂ ಹೋಗಿ ನೋಡಿ. ಬಿ.ಪಿ. ಮಾತ್ರೆಗೆ ಒಂದು ಸಾಲು ನಿಂತಿರುತ್ತದೆ, ಹಲ್ಲಿನ ಕೋಣೆಯ ಮುಂದೆ ಇನ್ನೊಂದು ಸಾಲು. ಎರಡು ಸಾಲಿನಲ್ಲೂ ಎಷ್ಟೋ ಸಲ ಅದೇ ಜನ. ಆದರೆ ಎರಡು ಕೋಣೆಗಳ ನಡುವೆ ಮಾತಿಲ್ಲ. ಹಲ್ಲಿನ ವೈದ್ಯರು, “ನಿಮಗೆ ಹಾರ್ಟ್ ತೊಂದರೆ ಇದೆ, ನಾವು ಮುಟ್ಟುವುದಿಲ್ಲ, ದೊಡ್ಡಾಸ್ಪತ್ರೆಗೆ ಹೋಗಿ” ಎನ್ನುತ್ತಾರೆ. ಇಲ್ಲವೆ, “ರಕ್ತ ತೆಳುವಾಗುವ ಮಾತ್ರೆ ಒಂದು ವಾರ ಬಿಟ್ಟು ಬನ್ನಿ” ಎನ್ನುತ್ತಾರೆ. ಮೊದಲನೆಯ ಮಾತಿನಿಂದ ಬಡವನ ಬಾಯಲ್ಲಿ ಕೀವು ಉಳಿಯುತ್ತದೆ. ಎರಡನೆಯ ಮಾತಿನಿಂದ ಪ್ರಾಣಕ್ಕೇ ಕುತ್ತು ಬರಬಹುದು. ಎರಡೂ ತಪ್ಪು. ಎದೆಯ ಕಾಯಿಲೆ ಇದ್ದವರಿಗೆ ಹಲ್ಲಿನ ಚಿಕಿತ್ಸೆಯನ್ನು ಕ್ಷೇಮವಾಗಿ ಕೊಡಬಹುದು, ಕೊಡಲೇಬೇಕು. ಹೇಗೆಂಬುದನ್ನು ವಿವರಿಸುವುದೇ ನನ್ನ ಉದ್ದೇಶ.

ಬಾಯಿಗೂ ಎದೆಗೂ ಇರುವ ಸಂಬಂಧ

ನಮ್ಮ ಬಾಯಲ್ಲಿ ಕೋಟ್ಯಂತರ ಸೂಕ್ಷ್ಮಾಣುಗಳಿವೆ. ಹಲ್ಲಿನ ಬುಡದಲ್ಲಿ ಕಟ್ಟುವ ಪಾಚಿಯೇ ಅವುಗಳ ವಾಸಸ್ಥಾನ. ವಸಡು ಗಟ್ಟಿಯಾಗಿದ್ದರೆ ಅವು ಹೊರಗೇ ಉಳಿಯುತ್ತವೆ. ವಸಡು ಊದಿ, ಮುಟ್ಟಿದರೆ ರಕ್ತ ಬರುವ ಹಾಗಿದ್ದರೆ ಸೂಕ್ಷ್ಮಾಣುಗಳು ನೆತ್ತರಿಗೆ ಇಳಿಯುತ್ತವೆ. ಹಲ್ಲು ಕಿತ್ತಾಗ ರಕ್ತದಲ್ಲಿ ಸ್ಟ್ರೆಪ್ಟೊಕಾಕಸ್ ಜಾತಿಯ ಸೂಕ್ಷ್ಮಾಣು ಕಾಣಿಸಿಕೊಳ್ಳುವುದನ್ನು ಬ್ರಿಟನ್ನಿನ ಓಕೆಲ್ ಮತ್ತು ಎಲಿಯಟ್ ಎಂಬ ವೈದ್ಯರು 1935ರಲ್ಲಿ ತೋರಿಸಿಕೊಟ್ಟರು. ವಸಡು ಕೆಟ್ಟಷ್ಟೂ ಇದು ಹೆಚ್ಚು ಎಂಬುದನ್ನೂ ಅವರು ಕಂಡರು.

ಆರೋಗ್ಯವಂತನಲ್ಲಿ ಇದರಿಂದ ಏನೂ ಆಗುವುದಿಲ್ಲ. ಕೆಲವು ನಿಮಿಷಗಳಲ್ಲಿ ದೇಹವೇ ಅವುಗಳನ್ನು ನಿವಾರಿಸಿಬಿಡುತ್ತದೆ. ಆದರೆ ಹೃದಯದ ಕವಾಟ ಮೊದಲೇ ಕೆಟ್ಟಿದ್ದರೆ, ಅಥವಾ ಅಲ್ಲಿ ಕೃತಕ ಕವಾಟ ಕೂರಿಸಿದ್ದರೆ, ಈ ಸೂಕ್ಷ್ಮಾಣುಗಳು ಅಲ್ಲಿ ನೆಲೆಯೂರಿ ಬೆಳೆಯಬಹುದು. ಹೃದಯದ ಒಳಪೊರೆಯ ಈ ಸೋಂಕಿಗೆ ಎಂಡೋಕಾರ್ಡೈಟಿಸ್ ಎಂದು ಹೆಸರು. ಪೆನಿಸಿಲಿನ್ ಬರುವ ಮೊದಲು ಇದು ಬಂದವರು ಬದುಕುತ್ತಿದ್ದುದು ತೀರ ಅಪರೂಪ. ಇಂದಿಗೂ, ಒಳ್ಳೆಯ ಆಸ್ಪತ್ರೆಯಲ್ಲೂ, ಹೆಚ್ಚುಕಡಿಮೆ ಐವರಲ್ಲಿ ಒಬ್ಬರನ್ನು ಇದು ಬಲಿ ತೆಗೆದುಕೊಳ್ಳುತ್ತದೆ.

ಕವಾಟ ಕೆಡುವುದಾದರೂ ಏಕೆ? ನಮ್ಮ ದೇಶದಲ್ಲಿ ಅದಕ್ಕೆ ದೊಡ್ಡ ಕಾರಣ ರುಮ್ಯಾಟಿಕ್ ಜ್ವರ. ಮಗುವಿಗೆ ಗಂಟಲುನೋವು ಬರುತ್ತದೆ. ಔಷಧಿ ಕೊಡಿಸುವುದಿಲ್ಲ. ಕೆಲವು ವಾರಗಳ ಮೇಲೆ ಕೀಲು ಊದಿ ಜ್ವರ ಬರುತ್ತದೆ. ಕೀಲಿನ ನೋವು ಹೋಗುತ್ತದೆ, ಆದರೆ ಕವಾಟದ ಮೇಲೆ ಕಲೆ ಉಳಿಯುತ್ತದೆ. ಒಂದೇ ಕೋಣೆಯಲ್ಲಿ ಏಳೆಂಟು ಜನ ಮಲಗುವ ಮನೆಗಳಲ್ಲಿ ಈ ಗಂಟಲುನೋವು ಒಬ್ಬರಿಂದೊಬ್ಬರಿಗೆ ಹರಡುತ್ತದೆ. ಆದ್ದರಿಂದ ಇದು ಬಡವರ ಮಕ್ಕಳನ್ನೇ ಹುಡುಕಿಕೊಂಡು ಹೋಗುವ ಕಾಯಿಲೆ. ಅದೇ ಮಕ್ಕಳ ಬಾಯಲ್ಲಿ ಹುಳುಕು ಹಲ್ಲೂ ಇರುತ್ತದೆ. ಎರಡು ಕಷ್ಟಗಳು ಒಂದೇ ಮೈಯಲ್ಲಿ ಸೇರುವುದು ಹೀಗೆ.

ಮುಂಚಿತವಾಗಿ ಔಷಧಿ ಯಾರಿಗೆ ಬೇಕು?

ಇದನ್ನು ತಡೆಯಲು ಹಲ್ಲು ಕೀಳುವ ಮೊದಲೇ ಪೆನಿಸಿಲಿನ್ ಕೊಡಬೇಕೆಂದು ಅಮೆರಿಕದ ಹೃದಯ ಸಂಘವು 1955ರಲ್ಲಿ ಸಲಹೆ ಮಾಡಿತು. ಅಲ್ಲಿಂದ ಸುಮಾರು ಐವತ್ತು ವರ್ಷ, ಎದೆಯಲ್ಲಿ ಮರ್ಮರ ಶಬ್ದ ಕೇಳಿದವರಿಗೆಲ್ಲ ಔಷಧಿ ಕೊಡುವ ರೂಢಿ ಬೆಳೆಯಿತು. 2007ರಲ್ಲಿ ಅದೇ ಸಂಘ ಈ ಪಟ್ಟಿಯನ್ನು ಬಹಳ ಕಿರಿದು ಮಾಡಿತು. ಅದರ ತರ್ಕ ತಿಳಿಯಬೇಕಾದದ್ದು. ವರ್ಷಕ್ಕೊಮ್ಮೆ ಹಲ್ಲು ಕೀಳಿಸಿದಾಗ ರಕ್ತಕ್ಕಿಳಿಯುವ ಸೂಕ್ಷ್ಮಾಣುಗಳಿಗಿಂತ, ಕೊಳೆತ ಬಾಯಲ್ಲಿ ದಿನಾ ಅಗಿಯುವಾಗ, ಹಲ್ಲುಜ್ಜುವಾಗ ಇಳಿಯುವುದೇ ವರ್ಷದ ಲೆಕ್ಕದಲ್ಲಿ ಹೆಚ್ಚು. ಹಾಗಿರುವಾಗ ಒಂದು ದಿನದ ಮಾತ್ರೆ ಎಷ್ಟು ಕಾಪಾಡೀತು? ಬಾಯನ್ನು ಚೊಕ್ಕಟವಾಗಿಡುವುದೇ ನಿಜವಾದ ರಕ್ಷಣೆ. ಬ್ರಿಟನ್ನಿನಲ್ಲಿ 2008ರಲ್ಲಿ ಇನ್ನೂ ಮುಂದೆ ಹೋಗಿ ಯಾರಿಗೂ ಬೇಡವೆಂದರು. 2016ರಲ್ಲಿ ಆ ಮಾತಿಗೆ ‘ವಾಡಿಕೆಯಾಗಿ’ ಎಂಬ ಪದ ಸೇರಿಸಿ, ಅಪಾಯ ಹೆಚ್ಚಿರುವವರ ವಿಷಯದಲ್ಲಿ ವೈದ್ಯರ ವಿವೇಚನೆಗೆ ಎಡೆ ಬಿಟ್ಟರು.

ಹಾಗಾದರೆ ಈಗ ಯಾರಿಗೆ ಬೇಕು? ಕೃತಕ ಕವಾಟ ಹಾಕಿಸಿಕೊಂಡವರಿಗೆ. ಈ ಸೋಂಕು ಹಿಂದೆ ಒಮ್ಮೆ ಬಂದು ಹೋದವರಿಗೆ. ಹುಟ್ಟಿನಿಂದ ಮೈ ನೀಲಿಯಾಗುವ ಹೃದಯದೋಷವಿದ್ದು ಸರಿಪಡಿಸದೆ ಇರುವವರಿಗೆ. ಅಂಥ ದೋಷವನ್ನು ಕೃತಕ ವಸ್ತುವಿನಿಂದ ಮುಚ್ಚಿ ಆರು ತಿಂಗಳಾಗದವರಿಗೆ. ಹೃದಯದ ಕಸಿ ಮಾಡಿಸಿಕೊಂಡು ಅದರ ಕವಾಟ ಕೆಟ್ಟವರಿಗೆ. ಸ್ಟೆಂಟ್ ಹಾಕಿಸಿಕೊಂಡವರಿಗೂ ಬೈಪಾಸ್ ಆದವರಿಗೂ ಇದಕ್ಕಾಗಿ ಔಷಧಿ ಬೇಡ. ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟವರು ಅಮೆರಿಕದ ಪಟ್ಟಿಯಲ್ಲಿಲ್ಲ. ಆದರೆ ಆ ಕಾಯಿಲೆ ಮೂಲನಿವಾಸಿಗಳಲ್ಲಿ ಹೆಚ್ಚಾಗಿರುವ ಆಸ್ಟ್ರೇಲಿಯಾದಲ್ಲಿ ಅವರಿಗೂ ಕೊಡುತ್ತಾರೆ. ನಮ್ಮ ದೇಶದ ಸ್ಥಿತಿಯೂ ಈ ವಿಷಯದಲ್ಲಿ ಅಮೆರಿಕದ ಹಾಗಿಲ್ಲ. ಆದ್ದರಿಂದ ಅಂಥವರು ತಮ್ಮ ಹೃದಯ ವೈದ್ಯರನ್ನು ಮೊದಲೇ ಕೇಳಿ, ಬೇಕೋ ಬೇಡವೋ ಎಂಬುದನ್ನು ಚೀಟಿಯಲ್ಲಿ ಬರೆಸಿ ಇಟ್ಟುಕೊಳ್ಳಬೇಕು.

ಪ್ರಮಾಣವೇನೂ ಗೂಢವಲ್ಲ. ದೊಡ್ಡವರಿಗೆ ಅಮಾಕ್ಸಿಸಿಲಿನ್ 2 ಗ್ರಾಂ, ಮಕ್ಕಳಿಗೆ ತೂಕದ ಕಿಲೋ ಒಂದಕ್ಕೆ 50 ಮಿಲಿಗ್ರಾಂ, ಕೆಲಸಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು, ಒಂದೇ ಸಲ. ಐದು ದಿನದ ಕೋರ್ಸ್ ಇದಕ್ಕೆ ಬೇಡ. ಪೆನಿಸಿಲಿನ್ ಒಗ್ಗದವರಿಗೆ ಅಜಿತ್ರೊಮೈಸಿನ್ ಅಥವಾ ಡಾಕ್ಸಿಸೈಕ್ಲಿನ್ ಇದೆ. ಹಿಂದೆ ಕೊಡುತ್ತಿದ್ದ ಕ್ಲಿಂಡಾಮೈಸಿನ್ ಬೇಡವೆಂದು 2021ರಲ್ಲಿ ಕೈಬಿಟ್ಟಿದ್ದಾರೆ. ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವ ಹುಡುಗರ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಅವರ ಬಾಯಿಯ ಸೂಕ್ಷ್ಮಾಣುಗಳು ಪೆನಿಸಿಲಿನ್‌ಗೆ ಪಳಗಿರಬಹುದು. ಆದ್ದರಿಂದ ಬೇರೆ ಗುಂಪಿನ ಔಷಧಿ ಕೊಡಬೇಕು. ಹಲ್ಲು ಕೀಳುವುದು, ವಸಡಿನೊಳಗೆ ಕೈಯಾಡಿಸಿ ಪಾಚಿ ತೆಗೆಯುವುದು ಮುಂತಾದ ಕೆಲಸಕ್ಕೆ ಮಾತ್ರ ಈ ಏರ್ಪಾಡು. ಎಕ್ಸ್‌ರೇ ತೆಗೆಸಲು, ಕಟ್ಟಿದ ಹಲ್ಲು ಕೂರಿಸಲು, ಹಾಲುಹಲ್ಲು ತಾನೇ ಬಿದ್ದಾಗ ಬೇಕಿಲ್ಲ.

ಕವಾಟದ ತೊಂದರೆ ಇರುವವರಿಗೆ ಹಲ್ಲು ಕೀಳಿಸಿದ ಮೇಲಿನ ವಾರಗಳಲ್ಲಿ ಬಿಡದೆ ಜ್ವರ ಬಂದರೆ, ಅಂಗಡಿಯ ಮಾತ್ರೆ ನುಂಗಿ ಸುಮ್ಮನಿರಬಾರದು. ಆಸ್ಪತ್ರೆಗೆ ಹೋಗಿ “ಹಲ್ಲು ಕೀಳಿಸಿದ್ದೆ, ಕವಾಟದ ತೊಂದರೆ ಇದೆ” ಎಂದು ಹೇಳಬೇಕು. ಆಂಟಿಬಯಾಟಿಕ್ ಶುರು ಮಾಡುವ ಮೊದಲು ರಕ್ತ ತೆಗೆದು ಕಲ್ಚರ್‌ಗೆ ಕಳಿಸಿದರೆ ಮಾತ್ರ ಯಾವ ಸೂಕ್ಷ್ಮಾಣು ಎಂಬುದು ಸಿಗುತ್ತದೆ.

ರಕ್ತ ತೆಳುವಾಗುವ ಮಾತ್ರೆ

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರುತ್ತೇನೆ.

1933ರ ಫೆಬ್ರವರಿಯಲ್ಲಿ ಅಮೆರಿಕದ ವಿಸ್ಕಾನ್ಸಿನ್ ಸೀಮೆಯ ಒಬ್ಬ ರೈತ, ಹಿಮ ಸುರಿಯುತ್ತಿರುವಾಗ, ಸತ್ತ ಕಡಸನ್ನೂ ಒಂದು ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತವನ್ನೂ ಹೇರಿಕೊಂಡು ಅಲ್ಲಿನ ವಿಶ್ವವಿದ್ಯಾನಿಲಯಕ್ಕೆ ಬಂದ. ಅವನ ದನಗಳು ರಕ್ತ ಸುರಿದು ಸಾಯುತ್ತಿದ್ದವು. ಕಾರಣ, ಅವು ತಿಂದಿದ್ದ ಬೂಸಲು ಹಿಡಿದ ಒಣಹುಲ್ಲು. ಕಾರ್ಲ್ ಲಿಂಕ್ ಎಂಬ ರಸಾಯನಶಾಸ್ತ್ರಜ್ಞರ ತಂಡ ವರ್ಷಗಟ್ಟಲೆ ದುಡಿದು ಆ ಹುಲ್ಲಿನಲ್ಲಿದ್ದ ವಸ್ತುವನ್ನು ಬೇರ್ಪಡಿಸಿತು. ಅದರ ಬೆನ್ನು ಹಿಡಿದು ಹುಟ್ಟಿದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂತು. 1954ರಲ್ಲಿ ಮನುಷ್ಯರ ಔಷಧಿಯಾಯಿತು. ಕೃತಕ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಇಂದು ಕಾಯುತ್ತಿರುವುದು ಇದು, ಇಲ್ಲವೆ ಇದರ ನೆಂಟನಾದ ಅಸೆನೊಕೌಮರಾಲ್. ಸ್ಟೆಂಟ್ ಹಾಕಿಸಿಕೊಂಡವರಿಗೆ ಕೊಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಬೇರೆ ಬಗೆಯವು. ಕೆಲಸ ಮಾತ್ರ ಅದೇ, ಹೆಪ್ಪು ತಡೆಯುವುದು.

ಹಲ್ಲು ಕೀಳಬೇಕೆಂದು ಈ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು. ಇದನ್ನು ನಾನು ಎಷ್ಟು ಸಲ ಹೇಳಿದರೂ ಸಾಲದು. ಕಿತ್ತ ಹಲ್ಲಿನ ಗೂಡಿನಿಂದ ರಕ್ತ ಬಂದರೆ ಬೆರಳಿನಿಂದ ಒತ್ತಿ ಹಿಡಿದು ನಿಲ್ಲಿಸಬಹುದು. ಸ್ಟೆಂಟ್ ಒಳಗೆ, ಕವಾಟದ ಮೇಲೆ, ಮಿದುಳಿನ ನಾಳದಲ್ಲಿ ಹೆಪ್ಪು ಕಟ್ಟಿದರೆ ಯಾರ ಬೆರಳೂ ಅಲ್ಲಿಗೆ ಮುಟ್ಟುವುದಿಲ್ಲ. ಸ್ಟೆಂಟ್ ಹಾಕಿಸಿಕೊಂಡವರ ಮಾತ್ರೆಯನ್ನು ಅವಧಿಗೆ ಮೊದಲೇ ನಿಲ್ಲಿಸಬಾರದೆಂದು ಅಮೆರಿಕದ ಹೃದಯ ವೈದ್ಯರ ಸಂಘಗಳೂ ದಂತವೈದ್ಯರ ಸಂಘವೂ ಸೇರಿ 2007ರಲ್ಲಿ ಎಚ್ಚರಿಕೆ ಕೊಟ್ಟವು. ಕಾಯಬಹುದಾದ ಕೆಲಸವಾದರೆ ಕಾಯಬೇಕು. ಕಾಯಲಾಗದಿದ್ದರೆ ಮಾತ್ರೆ ನುಂಗುತ್ತಿರುವಾಗಲೇ ಕೀಳಬೇಕು.

ವಾರ್ಫರಿನ್, ಅಸೆನೊಕೌಮರಾಲ್ ನುಂಗುವವರು ಐ.ಎನ್.ಆರ್. ಎಂಬ ರಕ್ತಪರೀಕ್ಷೆ ಮಾಡಿಸಬೇಕು. ಆರೋಗ್ಯವಂತನಲ್ಲಿ ಇದು 1ರ ಸುಮಾರಿಗಿರುತ್ತದೆ. ಮಾತ್ರೆ ನುಂಗುವವರಲ್ಲಿ ಸಾಮಾನ್ಯವಾಗಿ 2ರಿಂದ 3.5ರವರೆಗೆ. ಪರೀಕ್ಷೆ ಹಿಂದಿನ ದಿನದ್ದಾಗಿರಬೇಕು. ಸಂಖ್ಯೆ ಬಹುಕಾಲ ಏರುಪೇರಿಲ್ಲದೆ ಇದ್ದವರಿಗೆ ಮೂರು ದಿನದೊಳಗಿನದು ಆದೀತು. 4ಕ್ಕಿಂತ ಕೆಳಗಿದ್ದರೆ ಸಾಧಾರಣವಾಗಿ ಹಲ್ಲು ಕೀಳಬಹುದೆಂದು ಬ್ರಿಟನ್ನಿನ ಮಾರ್ಗಸೂಚಿ ಹೇಳುತ್ತದೆ. 3.5 ದಾಟಿದರೆ ಕೀಳದ ವೈದ್ಯರೂ ಇದ್ದಾರೆ. ಹೊಸದಾಗಿ ಬಂದಿರುವ ಡಾಬಿಗಟ್ರಾನ್, ರಿವರಾಕ್ಸಬಾನ್, ಅಪಿಕ್ಸಬಾನ್ ಮಾತ್ರೆಗಳಿಗೆ ಈ ಪರೀಕ್ಷೆ ಅನ್ವಯಿಸುವುದಿಲ್ಲ. ಅವುಗಳಲ್ಲಿ ಬೆಳಗಿನ ಒಂದು ಹೊತ್ತಿನದನ್ನು ತಡವಾಗಿ ನುಂಗಬೇಕೋ ಬಿಡಬೇಕೋ ಎಂಬುದನ್ನು ವೈದ್ಯರೇ ಹೇಳಬೇಕು.

ರಕ್ತ ನಿಲ್ಲಿಸುವ ವಿದ್ಯೆಯೂ ಸರಳ. ಬೆಳಗಿನ ಹೊತ್ತು ಕೆಲಸ ಮಾಡಬೇಕು; ವಾರದ ಮೊದಲ ದಿನಗಳಾದರೆ ಇನ್ನೂ ಒಳ್ಳೆಯದು. ಏಕೆಂದರೆ ಸಂಜೆಗೆ ರಕ್ತ ಜಿನುಗಿದರೆ ಬಾಗಿಲು ತೆರೆದಿರುವ ಆಸ್ಪತ್ರೆ ಬೇಕು. ಒಂದು ಸಲಕ್ಕೆ ಒಂದೆರಡು ಹಲ್ಲು ಸಾಕು. ಕಿತ್ತ ಜಾಗಕ್ಕೆ ಹೊಲಿಗೆ ಹಾಕಬೇಕು. ಟ್ರಾನೆಕ್ಸಾಮಿಕ್ ಆಮ್ಲದಲ್ಲಿ ನೆನೆಸಿದ ಗಾಜ್ ಬಟ್ಟೆಯನ್ನು ಕಚ್ಚಿ ಹಿಡಿಸಬೇಕು. ಜಪಾನಿನ ಉಟಾಕೊ ಒಕಾಮೊಟೊ ಎಂಬ ಮಹಿಳೆಯೂ ಅವರ ಪತಿಯೂ ಸೇರಿ ಕಂಡುಹಿಡಿದ ಈ ಔಷಧಿ ದುಬಾರಿಯದಲ್ಲ. ಹೆರಿಗೆಯ ರಕ್ತಸ್ರಾವಕ್ಕೂ ಬಳಸುವಂಥದು. ಅರ್ಧ ಗಂಟೆ ಕೂರಿಸಿಕೊಂಡು, ರಕ್ತ ನಿಂತಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ರೋಗಿಯನ್ನು ಕಳಿಸಬೇಕು.

ಆಮೇಲೆ ಬರುವುದು ಅಂಗಡಿಯ ನೋವಿನ ಮಾತ್ರೆಯ ಅಪಾಯ. ಡೈಕ್ಲೊಫಿನಾಕ್, ಐಬುಪ್ರೊಫೆನ್ ರಕ್ತಸ್ರಾವವನ್ನು ಹೆಚ್ಚಿಸುತ್ತವೆ, ಹೃದಯಕ್ಕೂ ಹಿತವಲ್ಲ. ಇವರಿಗೆ ಪ್ಯಾರಾಸಿಟಮಾಲ್ ಸಾಕು. ಹಲ್ಲಿನ ಸೋಂಕಿಗೆಂದು ಸಲೀಸಾಗಿ ಬರೆದುಕೊಡುವ ಮೆಟ್ರೊನಿಡಜೋಲ್, ಬಾಯಹುಣ್ಣಿಗೆ ಹಚ್ಚುವ ಮೈಕೊನಜೋಲ್ ಜೆಲ್, ಇವೆರಡೂ ವಾರ್ಫರಿನ್ನಿನ ಬಲವನ್ನು ವಿಪರೀತ ಏರಿಸಬಲ್ಲವು. ಹಲ್ಲಿನ ವೈದ್ಯರಿಗೆ ನಿಮ್ಮ ಮಾತ್ರೆಗಳ ಹೆಸರು ಬಾಯಲ್ಲಿ ಹೇಳಲು ಬಾರದಿದ್ದರೆ ಚಿಂತೆಯಿಲ್ಲ. ಚೀಟಿಯನ್ನೂ ಮಾತ್ರೆಯ ಹಾಳೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ.

ಇಂಜೆಕ್ಷನ್ನಿನ ಹೆದರಿಕೆ

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೆ ಹಾರ್ಟ್ ನಿಂತುಹೋಗುತ್ತದೆ ಎಂಬ ಭಯ ಜನರಲ್ಲಿದೆ. ಲಿಗ್ನೊಕೇನ್ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ತಯಾರಿಸಿದ್ದು. ಜಗತ್ತಿನಾದ್ಯಂತ ದಿನವೂ ಲಕ್ಷಾಂತರ ಜನಕ್ಕೆ ಕೊಡುವ ಔಷಧಿ. ಮರಗಟ್ಟುವಿಕೆ ಹೆಚ್ಚು ಹೊತ್ತು ಉಳಿಯಲೆಂದು ಅದಕ್ಕೆ ಅಡ್ರಿನಲಿನ್ ಬೆರೆಸಿರುತ್ತಾರೆ. ಅಡ್ರಿನಲಿನ್ ಎದೆಬಡಿತವನ್ನು ಏರಿಸುತ್ತದೆ ಎಂಬುದು ನಿಜ. ಆದ್ದರಿಂದ ಹೃದ್ರೋಗಿಗಳಿಗೆ ಒಂದು ಸಲಕ್ಕೆ 0.04 ಮಿಲಿಗ್ರಾಂ ದಾಟಬಾರದೆಂಬ ಮಿತಿಯನ್ನು ಇಟ್ಟುಕೊಂಡಿದ್ದಾರೆ. ಎಂಬತ್ತು ಸಾವಿರಕ್ಕೆ ಒಂದು ಪಾಲು ಅಡ್ರಿನಲಿನ್ ಇರುವ ಬಾಟಲಿಯಲ್ಲಿ ಇದು ಸುಮಾರು 3 ಮಿ.ಲೀ. ಆಗುತ್ತದೆ. ಒಂದೆರಡು ಹಲ್ಲಿಗೆ ಇಷ್ಟು ಧಾರಾಳ. ಸೂಜಿ ರಕ್ತನಾಳದಲ್ಲಿಲ್ಲವೆಂದು ಹಿಂದಕ್ಕೆಳೆದು ನೋಡಿ, ನಿಧಾನವಾಗಿ ಕೊಡಬೇಕು.

ಹೆದರಿ ಔಷಧಿಯನ್ನು ಅರೆಬರೆ ಕೊಟ್ಟರೆ ಏನಾಗುತ್ತದೆ? ನೋವು ಉಳಿಯುತ್ತದೆ. ನೋವಿಗೂ ಭಯಕ್ಕೂ ರೋಗಿಯ ದೇಹವೇ ಅಡ್ರಿನಲಿನ್ ಸುರಿಸುತ್ತದೆ. ಅದು ಸಿರಿಂಜಿನಲ್ಲಿರುವುದಕ್ಕಿಂತ ಎಷ್ಟೋ ಪಾಲು ಹೆಚ್ಚು. ಎದೆಯ ಕಾಯಿಲೆಯವನಿಗೆ ಚೆನ್ನಾಗಿ ಮರಗಟ್ಟಿಸಿ, ನೋವಿಲ್ಲದೆ ಕೆಲಸ ಮಾಡುವುದೇ ಕ್ಷೇಮ. ರೋಗಿಗೆ ನಾಲ್ಕು ಸಮಾಧಾನದ ಮಾತು ಹೇಳುವುದೂ ಚಿಕಿತ್ಸೆಯ ಭಾಗವೇ.

ಯಾವಾಗ ಕಾಯಬೇಕು?

ಹೃದಯಾಘಾತವಾಗಿ ಕೆಲವೇ ವಾರಗಳಾಗಿದ್ದರೆ ತುರ್ತಿಲ್ಲದ ಕೆಲಸವನ್ನು ಮುಂದೂಡಬೇಕು. ಹಿಂದೆ ಆರು ತಿಂಗಳು ಎನ್ನುತ್ತಿದ್ದರು. ಈಗ ಅಷ್ಟು ಬಿಗಿಯಿಲ್ಲ; ಕನಿಷ್ಠ ನಾಲ್ಕರಿಂದ ಆರು ವಾರ ಕಳೆದ ಮೇಲೆ ಹೃದಯ ವೈದ್ಯರನ್ನು ಕೇಳಿ ನಿರ್ಧರಿಸುತ್ತಾರೆ. ಸುಮ್ಮನೆ ಕುಳಿತಾಗಲೂ ಎದೆನೋವು ಬರುತ್ತಿದ್ದರೆ, ಮಲಗಿದರೆ ಉಸಿರು ಕಟ್ಟುತ್ತಿದ್ದರೆ, ಬಿ.ಪಿ. 180/110 ದಾಟಿದ್ದರೆ, ಮೊದಲು ಅದಕ್ಕೆ ಚಿಕಿತ್ಸೆ ಆಗಬೇಕು. ಆದರೆ ಮುಖ ಊದಿ ಕೀವು ತುಂಬಿದ್ದರೆ ಕಾಯುವಂತಿಲ್ಲ. ಆಗ ಹೃದಯದ ವೈದ್ಯರಿರುವ ಆಸ್ಪತ್ರೆಯಲ್ಲೇ ಕೀವು ತೆಗೆಸಬೇಕು. ‘ಕಾಯಿರಿ’ ಎಂಬುದು ರೋಗಿಯನ್ನು ಸಾಗಹಾಕುವ ಮಾತಾಗಬಾರದು. ಎಷ್ಟು ದಿನ, ಯಾರ ಹತ್ತಿರ, ಅಲ್ಲಿಯವರೆಗೆ ನೋವಿಗೆ ಏನು ಎಂಬುದೂ ಅದರ ಜೊತೆಗೇ ಬರಬೇಕು.

ಹಲ್ಲಿನ ಕೆಲಸಕ್ಕೆ ಹೋಗುವ ದಿನ ತಿಂಡಿ ತಿಂದು, ಎಂದಿನ ಮಾತ್ರೆ ನುಂಗಿ ಹೋಗಿ. ನಾಲಗೆಯ ಕೆಳಗಿಡುವ ಸಾರ್ಬಿಟ್ರೇಟ್ ಕೊಟ್ಟಿದ್ದರೆ ಜೇಬಿನಲ್ಲಿರಲಿ. ಕುರ್ಚಿಯಲ್ಲಿ ಪೂರ್ತಿ ಮಲಗಿಸದೆ ಅರೆ ಒರಗಿಸಲಿ. ಏಳುವಾಗ ನಿಧಾನವಾಗಿ ಏಳಿ, ಬಿ.ಪಿ. ಮಾತ್ರೆಯವರಿಗೆ ಥಟ್ಟನೆ ಎದ್ದರೆ ತಲೆ ಸುತ್ತುತ್ತದೆ. ಕೆಲಸದ ನಡುವೆ ಎದೆ ಬಿಗಿದರೆ ಕೈ ಎತ್ತಿ ನಿಲ್ಲಿಸಿ. ಸಾರ್ಬಿಟ್ರೇಟ್ ಇಟ್ಟು ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ 108ಕ್ಕೆ ಫೋನು ಮಾಡಬೇಕು.

ಇನ್ನೊಂದು ವಿಷಯವನ್ನು ಮರೆಯಬೇಡಿ. ಹೃದಯದ ನೋವು ಕೆಲವೊಮ್ಮೆ ಎದೆಯಲ್ಲಿ ಕಾಣದೆ ಕೆಳದವಡೆಯಲ್ಲಿ, ಅದರಲ್ಲೂ ಎಡಗಡೆ, ಕಾಣಿಸಿಕೊಳ್ಳುತ್ತದೆ. ಏರು ಹತ್ತಿದಾಗ, ಹೊರೆ ಹೊತ್ತಾಗ ದವಡೆ ನೋಯುತ್ತದೆ, ಕುಳಿತರೆ ಬಿಡುತ್ತದೆ, ಬಾಯಲ್ಲಿ ನೋಡಿದರೆ ಹುಳುಕು ಹಲ್ಲೇ ಇಲ್ಲ. ಅಂಥ ನೋವಿಗೆ ಹಲ್ಲು ಕೀಳಿಸಬೇಡಿ, ಇ.ಸಿ.ಜಿ. ಮಾಡಿಸಿ. ಅಮ್ಲೊಡಿಪಿನ್ ನುಂಗುವ ಕೆಲವರಿಗೆ ವಸಡು ಹಲ್ಲಿನ ಮೇಲೆ ಬೆಳೆದು ಬರುತ್ತದೆ. ಅದಕ್ಕೂ ಮಾತ್ರೆ ಬಿಡಬೇಡಿ. ವೈದ್ಯರಿಗೆ ತೋರಿಸಿದರೆ ಬೇರೆ ಮಾತ್ರೆ ಕೊಡಬಹುದು.

ನಾವು ಕೇಳಬೇಕಾದದ್ದು

ಇಷ್ಟನ್ನೂ ಕೇಳಿದ ಮೇಲೆ ತಾವು ಕೇಳಬಹುದು: ಇದೆಲ್ಲ ಬೆಂಗಳೂರಿನಲ್ಲಿ ಆಗುವಂಥದಲ್ಲವೆ? ಅಲ್ಲ. ಕವಾಟ ಬದಲಾಯಿಸಲು ಜಯದೇವ ಸಂಸ್ಥೆಯಂಥ ಕಡೆಗೇ ಹೋಗಬೇಕು. ಆದರೆ ನಾನು ಹೇಳಿದವುಗಳಲ್ಲಿ ಬಹುಪಾಲಿಗೆ ಬೇಕಾದದ್ದು ಒಂದು ಬಿ.ಪಿ. ಯಂತ್ರ, ಸೂಜಿ ದಾರ, ಗಾಜ್ ಬಟ್ಟೆ, ನಾಲ್ಕು ಬಗೆಯ ಅಗ್ಗದ ಔಷಧಿ, ಮತ್ತು ಒಂದು ಫೋನು. ಹಲ್ಲಿನ ಕೋಣೆಗೆ ಬಂದ ಪ್ರತಿಯೊಬ್ಬ ವಯಸ್ಕರ ಬಿ.ಪಿ. ನೋಡಬೇಕೆಂದು ನಾವು ಕೇಳಬೇಕು. ಐ.ಎನ್.ಆರ್. ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗಬೇಕೆಂದು ಕೇಳಬೇಕು. ಒಂದು ಪರೀಕ್ಷೆಗಾಗಿ ಕೂಲಿಯವನು ಒಂದು ದಿನದ ಕೂಲಿಯನ್ನೂ ಬಸ್ ಚಾರ್ಜನ್ನೂ ಕಳೆದುಕೊಳ್ಳಬೇಕಾಗಿ ಬಂದರೆ ಅವನು ಪರೀಕ್ಷೆಯನ್ನೇ ಬಿಡುತ್ತಾನೆ. ಅದು ಅವನ ಅಜ್ಞಾನವಲ್ಲ, ಲೆಕ್ಕಾಚಾರ. ಕವಾಟದ ಶಸ್ತ್ರಕ್ರಿಯೆಗೆ ಹೆಸರು ಬರೆಸಿದವರ ಹಲ್ಲಿನ ಕೆಲಸವನ್ನು ಶಸ್ತ್ರಕ್ರಿಯೆಗೆ ಮೊದಲೇ ಸರ್ಕಾರಿ ಆಸ್ಪತ್ರೆಯಲ್ಲಿ ಮುಗಿಸಿಕೊಡಬೇಕು.

ನಾವು ಮಾಡಿಕೊಳ್ಳಬೇಕಾದದ್ದೂ ಇದೆ. ದಿನಕ್ಕೆರಡು ಸಲ ಹಲ್ಲುಜ್ಜುವುದು, ಆರು ತಿಂಗಳಿಗೊಮ್ಮೆ ಬಾಯಿ ತೋರಿಸುವುದು, ಹೊಗೆಸೊಪ್ಪು ಬಿಡುವುದು. ಬೀಡಿಯಾಗಲಿ, ಎಲೆಯಡಿಕೆಯ ಜೊತೆಯ ಕಡ್ಡಿಪುಡಿಯಾಗಲಿ, ವಸಡನ್ನೂ ಹೃದಯವನ್ನೂ ಒಟ್ಟಿಗೇ ತಿನ್ನುತ್ತದೆ. ಮಕ್ಕಳಿಗೆ ಜ್ವರದ ಜೊತೆ ಗಂಟಲುನೋವು ಬಂದರೆ ಅಸಡ್ಡೆ ಮಾಡದೆ ವೈದ್ಯರಿಗೆ ತೋರಿಸುವುದು. ಕೆಟ್ಟ ಕವಾಟಗಳ ಕಥೆ ಶುರುವಾಗುವುದೇ ಅಲ್ಲಿಂದ.

ಗೆಳೆಯರೇ, ಮನೆಗೆ ಹೋಗಿ ಎದೆಯ ಕಾಯಿಲೆಯವರಿಗೆ ಮೂರು ಮಾತು ತಿಳಿಸಿ. ಹಲ್ಲನ್ನು ಕೊಳೆಯಲು ಬಿಡಬೇಡಿ. ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿ. ಹಲ್ಲಿನ ವೈದ್ಯರಿಗೆ ಎದೆಯ ಕಾಯಿಲೆಯನ್ನೂ ಎದೆಯ ವೈದ್ಯರಿಗೆ ಹಲ್ಲಿನ ನೋವನ್ನೂ ಮುಚ್ಚಿಡದೆ ಹೇಳಿ. ಯಾರಾದರೂ ಮುಟ್ಟುವುದಿಲ್ಲವೆಂದರೆ ಕಾರಣವನ್ನು ಚೀಟಿಯಲ್ಲಿ ಬರೆದುಕೊಡಿ ಎಂದು ಕೇಳಿ. ಅದು ರೋಗಿಯ ಹಕ್ಕು.